ನೂರು ದಿನ ಮುಚ್ಚಿದ ಕಡಲು

ಸುವಾ
14 ಆಗಸ್ಟ್ 2023

ಪ್ರೀತಿಯ ಅಮ್ಮಾ,

ಮೂರು ವಾರದಿಂದ ನೀನು ನನ್ನ ಫೋನೇ ಎತ್ತುತ್ತಿಲ್ಲ. ಅಕ್ಕನ ಕೈಲಿ ಹೇಳಿ ಕಳಿಸಿದ್ದೀಯ, "ಅವಳು ಬಾಯಿ ಬಿಟ್ಟರೆ ಎಂಥವರನ್ನೂ ಒಪ್ಪಿಸಿಬಿಡ್ತಾಳೆ, ಅದೇ ಅವಳ ಕಸುಬು. ಏನು ಮಾಡಿದಳು ಅಂತ ಬರೆದು ಕಳಿಸಲಿ" ಅಂತ. ಸರಿ, ಬರೆಯುತ್ತಿದ್ದೇನೆ. ಆಕ್ಲೆಂಡಿನಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದು. ಮಗು ಮಡಿಲಲ್ಲಿದ್ದಾಗ ನೀನು ಜೋರಾಗಿ ಬೈಯುವುದಿಲ್ಲ.

ಮೊದಲು ನನ್ನ ಗೋಳು ಕೇಳು. ಪ್ರಣೀಲನ ಅಪ್ಪನ ಗ್ಯಾರೇಜಿನಲ್ಲಿ ನಾನೂ ಅವನೂ ವಾಂಗಾ ಕಂಪನಿ ಶುರು ಮಾಡಿ ನಾಲ್ಕು ವರ್ಷ. ದ್ವೀಪದ ಮೀನುಗಾರರು ಹಿಡಿದ ಮೀನಿನ ಫೋಟೊ ದೋಣಿಯಿಂದಲೇ ಕಳಿಸಬೇಕು, ದೋಣಿ ದಡ ಮುಟ್ಟುವ ಮೊದಲೇ ಹೋಟೆಲಿನ ಅಡುಗೆಯವರು ಕೊಂಡಿರಬೇಕು. ಹೇಳಲು ಎಷ್ಟು ಸುಲಭ! ಮೊದಲ ವರ್ಷ ಐಸ್ ಕರಗಿ ಪೆಟ್ಟಿಗೆ ಪೆಟ್ಟಿಗೆ ಮೀನು ನಾರಿತು. ಎರಡನೆಯ ವರ್ಷ ಚಂಡಮಾರುತ. ಮೂರನೆಯ ವರ್ಷ ಹೋಟೆಲಿನವರು ನಮ್ಮನ್ನು ನಂಬತೊಡಗಿದರು. ಈ ವರ್ಷ ಸಿಡ್ನಿಯಿಂದ ಬ್ರೆಂಡನ್ ಬಂದ. ಹನ್ನೆರಡು ವಾರ ಒಂದು ದಿನವೂ ತಪ್ಪದೆ ಮೀನು ಕಳಿಸಿ ತೋರಿಸಿ, ಬಂಡವಾಳ ಹಾಕುತ್ತೇನೆ ಅಂದ.

ಒಂಬತ್ತನೆಯ ವಾರ ದೊಡ್ಡ ಮಾವ ತೀರಿಕೊಂಡರು.

ಅವರಂಥ ಊರಿನ ಮುಖಂಡ ಹೋದರೆ ಊರಿನ ಕಡಲು ನೂರು ದಿನ ಮುಚ್ಚುತ್ತದೆ, ಯಾರೂ ಗಾಳ ಹಾಕುವ ಹಾಗಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ನಿನ್ನ ಪಕ್ಕದಲ್ಲೇ ಕೂತು ಅತ್ತವಳು ನಾನು. ಆದರೂ ಅಮ್ಮಾ, ಮಣ್ಣು ಮಾಡಿ ಬಂದ ದಿನವೇ ಮನಸ್ಸು ವಾರ ಎಣಿಸುತ್ತಿತ್ತು. ಬೇರೆ ಊರಿನಿಂದ ತರಬಹುದಿತ್ತಲ್ಲ ಅಂತ ಕೇಳಬೇಡ. ಮುಕ್ಕಾಲು ಪಾಲು ಮೀನು ನಿನ್ನ ತವರಿನದ್ದೇ. ಅಲ್ಲಿಯವರು ನನ್ನ ಮಾತು ತೆಗೆದುಹಾಕುವುದಿಲ್ಲ ಅನ್ನುವುದೇ ಈ ಕಂಪನಿಯ ನಿಜವಾದ ಬಂಡವಾಳ.

ಬ್ರೆಂಡನ್‌ಗೆ ಹೇಳಿದರೆ, "ನೂರು ದಿನ ಸಮುದ್ರಕ್ಕೆ ರಜೆನಾ? ಯಾರಿಗೆ ಅರ್ಜಿ ಕೊಡಬೇಕು ಹೇಳಿ, ನಾನೇ ಕೊಡ್ತೀನಿ" ಅಂದ. ಪ್ರಣೀಲ ಪಕ್ಕದಿಂದ, "ತೀರಿಕೊಂಡವರಿಗೇ ಕೊಡಬೇಕು ಬಾಸ್, ವಿಳಾಸ ಬೇಕಾ?" ಅಂದ. ನನಗೆ ನಗು ಬರಲಿಲ್ಲ. ಬ್ರೆಂಡನ್ ಕೊನೆಗೆ ಸಾವಿನ ವಾರವನ್ನು ಲೆಕ್ಕದಿಂದ ಬಿಟ್ಟ. ಉಳಿದ ಮೂರು ವಾರ ಮಾತ್ರ ಬೇಕೇ ಬೇಕು ಅಂತ ಪಟ್ಟು ಹಿಡಿದ.

ನೀನು ವಿಮಾನ ಹತ್ತಿದ ಮಾರನೆಯ ದಿನ ಹಿರಿಯರಲ್ಲಿ ಏನಾದರೂ ಕೇಳುವಾಗ ಒಪ್ಪಿಸುವ ಯಂಗೋನ ಬೇರಿನ ಕಟ್ಟು ಹಿಡಿದು, ದೊಡ್ಡ ಮಾವನ ಬದಲು ಈಗ ಊರು ನೋಡಿಕೊಳ್ಳುವ ನಿನ್ನ ತಮ್ಮ ಇನೋಕೆ ಮಾವನ ಮುಂದೆ ಚಾಪೆಯ ಮೇಲೆ ಕೂತೆ. ಬಡಗಣ ಹವಳದ ದಿಬ್ಬದ ಒಂದು ಪಕ್ಕ ಮಾತ್ರ ಮೂರು ವಾರ ತೆರೆಯಿರಿ ಅಂತ ಕೇಳಿದೆ. ಕಂಪನಿಯವಳಾಗಿ ಕೇಳಿದ್ದರೆ ಅವರು ಬೈದು ಕಳಿಸುತ್ತಿದ್ದರು. "ಮಾವ, ನಿಮ್ಮ ಅಕ್ಕನ ಮಗಳು ಕೇಳ್ತಿದ್ದೀನಿ" ಅಂದೆ. ವಸು ಬಂದು ಕೇಳಿದರೆ, ಮನೆಯ ಹೆಣ್ಣಿನ ಮಗು ಬಂದು ಕೇಳಿದರೆ, ಇಲ್ಲ ಅನ್ನುವಂತಿಲ್ಲ. ಅದು ಗೊತ್ತಿದ್ದೇ ಕೇಳಿದೆ. ಮಾವ ಒಪ್ಪಿಗೆಯ ಚಪ್ಪಾಳೆ ತಟ್ಟಿ ಬೇರಿನ ಕಟ್ಟನ್ನು ತೆಗೆದುಕೊಂಡರು. "ಕೇಳಿದ್ದು ನೀನು. ನನಗೆ ಬೇರೆ ಬಾಯಿ ಎಲ್ಲಿದೆ?" ಅಂದರು.

ಮೀನು ಬಂತು. ಮೊದಲಿನಷ್ಟಲ್ಲ, ಆದರೂ ಮೂರು ಹೋಟೆಲಿಗೆ ಸಾಕು. ಆದರೆ ಒಂದೂ ಫೋಟೊ ಇಲ್ಲ! ನಾಲ್ಕು ವರ್ಷ ಕಲಿಸಿದ ಪಾಠವೆಲ್ಲ ನೀರಿಗೆ ಬಿತ್ತೇ ಅಂತ ನನಗೆ ಮೈಯೆಲ್ಲ ಉರಿಯಿತು. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಒಬ್ಬನಿಗೆ ಜ್ವರ, ಒಬ್ಬನ ಮೋಟಾರು ಕೆಟ್ಟಿದೆ, ಇನ್ನೊಬ್ಬನಿಗೆ ಚರ್ಚಿನ ಹಾಡಿನ ಅಭ್ಯಾಸ. "ಆಯ್ತು ಉನೈಸಿ, ನಾಳೆ ಕಳಿಸ್ತೀವಿ ಉನೈಸಿ" ಅಂತ ಎಲ್ಲರೂ ನಗುನಗುತ್ತ ಹೇಳುವವರೇ. ನಮ್ಮವರ ಈ ನಗುವಿಗಿಂತ ನಾಲ್ಕು ಬೈಗುಳ ಬೈದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಗುರುವಾರ ಜಗಳಕ್ಕೆಂದೇ ಹೋದೆ. ಊರಿನ ದೋಣಿಗಳೆಲ್ಲ ದಡದಲ್ಲಿದ್ದವು, ಮೇಲೆ ತೆಂಗಿನ ಗರಿ ಮುಚ್ಚಿತ್ತು. ದಿಬ್ಬದಾಚೆ ಒಂದೇ ಒಂದು ದೋಣಿ. ಅದರಲ್ಲಿ ಇನೋಕೆ ಮಾವ, ಒಬ್ಬರೇ. ಅರವತ್ತೆಂಟು ವರ್ಷದ ಮನುಷ್ಯ ಮೂರು ವಾರದಿಂದ ಕೈಗಾಳದಲ್ಲಿ ನನ್ನ ಪೆಟ್ಟಿಗೆ ತುಂಬುತ್ತಿದ್ದರು. ದಾರ ಕೊಯ್ದು ಅಂಗೈ ಸೀಳಿತ್ತು, ಬಟ್ಟೆ ಸುತ್ತಿಕೊಂಡಿದ್ದರು. ನಾನು ಕೂಗಾಡಿದೆ. ಅವರು, "ಮಾತು ಕೊಟ್ಟವನು ನಾನು. ಹುಡುಗರ ತಲೆಗೆ ಯಾಕೆ ಕಟ್ಟಲಿ? ಅಣ್ಣನ ಸಿಟ್ಟು ಬಂದರೆ ನನ್ನೊಬ್ಬನ ಮೇಲೆ ಬರಲಿ" ಅಂದರು. ಆಮೇಲೆ ಪೆಟ್ಟಿಗೆ ತೋರಿಸಿ, "ಸಾಕಾಗತ್ತಾ ಮಗಳೇ, ಇನ್ನೂ ಬೇಕಾ?" ಅಂತ ಕೇಳಿದರು. ನಾನು ಅಲ್ಲೇ ಅತ್ತುಬಿಟ್ಟೆ. ದೋಣಿ ದಡಕ್ಕೆ ಎಳೆಸಿ, ಗಾಳ ಸುತ್ತಿಡಿಸಿ ಬಂದೆ.

ಶನಿವಾರ ಬ್ರೆಂಡನ್ ಸಹಿ ಹಾಕಿದ. ಗ್ಯಾರೇಜಿನಲ್ಲಿ ಎಲ್ಲರೂ ಕುಣಿದರು, ಪ್ರಣೀಲನ ಅಮ್ಮ ಕೋಳಿ ಪಲಾವ್ ತಂದರು. ನನಗೆ ಒಂದು ತುತ್ತೂ ಇಳಿಯಲಿಲ್ಲ. ನಾಲ್ಕು ವರ್ಷ ಬೇಡಿದ್ದು ಕೈಗೆ ಸಿಕ್ಕಿದೆ, ಸುಡುತ್ತಿದೆ.

ನೂರನೆಯ ದಿನದ ಊಟಕ್ಕೆ ನೀನು ಬರುತ್ತೀಯ. ಅದಕ್ಕೂ ಮೊದಲೇ ಬಾ ಅಮ್ಮಾ. ತಪ್ಪುಕಾಣಿಕೆಯಾಗಿ ತಿಮಿಂಗಿಲದ ಹಲ್ಲು ಹಿಡಿದು ಊರಿನ ಮುಂದೆ ತಪ್ಪೊಪ್ಪಿಕೊಳ್ಳಬೇಕು. ಒಬ್ಬಳೇ ಹೋಗಿ ಕೂರುವ ಧೈರ್ಯ ನನಗಿಲ್ಲ. ಬರುವುದಿಲ್ಲ ಅಂತಾದರೆ ಅದನ್ನಾದರೂ ಫೋನಿನಲ್ಲಿ ಹೇಳು.

ನಿನ್ನ
ಉನೈಸಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅತ್ತದ್ದು ನಿಜ. ದೋಣಿ ಎಳೆಸಿದ್ದು ಸುಳ್ಳು. ಹನ್ನೆರಡು ವಾರಕ್ಕೆ ಶುಕ್ರವಾರ ಒಂದು ದಿನ ಬಾಕಿಯಿತ್ತು. "ನಾಳೆ ಒಂದೇ ದಿನ ಮಾವ" ಅಂದೆ. ಅವರು ಬಟ್ಟೆ ಸಡಿಲವಾಗಿದೆ ಅಂತ ಎರಡೂ ಕೈ ಚಾಚಿದರು. ನಾನೇ ಬಿಗಿಯಾಗಿ ಸುತ್ತಿಕೊಟ್ಟೆ.