ಅಮ್ಮನ ಹಳೇ ಕೀಬೋರ್ಡ್

ಅಣ್ಣಾ,

ಎದ್ದ ಕೂಡಲೇ ಮೂಲೆಯ ಗುಜರಿ ಅಂಗಡಿಗೆ ಹೋಗು. ನೀನು ನಿನ್ನೆ ಕೊಟ್ಟುಬಂದ ಅಮ್ಮನ ಕೀಬೋರ್ಡ್ ತಕ್ಕಡಿಯ ಪಕ್ಕದಲ್ಲೇ ಬಿದ್ದಿದೆ. ಹಾಲು ತರುವಾಗ ಇನ್ನೂ ಮುಚ್ಚಿದ್ದ ಅಂಗಡಿಯ ಜಾಲರಿ ಬಾಗಿಲಿನಿಂದ ಕಂಡಿತು. ನನಗೆ ಬಸ್ಸಿಗೆ ಹೊತ್ತಾಯಿತು.

ನಮ್ಮ ಮನೆಗೆ ಬಂದ ಕಂಪ್ಯೂಟರ್ ಸಾಮಾನಿನಲ್ಲೆಲ್ಲ ಒಳ್ಳೆಯದು ಅದೊಂದೇ. ಅತಿ ಕೆಟ್ಟದ್ದು ನೀನು ಅದರ ಜಾಗದಲ್ಲಿಟ್ಟ ಹೊಸದು. ಗಾಜಿನಂತೆ ನುಣುಪು, ಒತ್ತಿದರೆ ಸದ್ದಿಲ್ಲ. "ಆ ಟಕಟಕ ತೊಲಗಿತು, ಇನ್ನು ನೆಮ್ಮದಿ" ಅಂತ ಹಲ್ಲು ಕಿರಿದೆಯಲ್ಲ, ಹಳೆಯದರ ಕೀಗಳ ಮೇಲೆ ನೇಲ್ ಪಾಲಿಶ್ ಹನಿಗಳು ಯಾಕಿದ್ದವು ಅಂತ ಒಮ್ಮೆಯಾದರೂ ಕೇಳಿದೆಯಾ?

ಅಮ್ಮನಿಗೆ ಈಗ ಕೀಗಳ ಮೇಲಿನ ಅಕ್ಷರ ಕಾಣುವುದಿಲ್ಲ. ಬೆರಳಿಗೆ ಆ ಹನಿಗಳು ತಗುಲಿದರೆ ಮಾತ್ರ ಟೈಪ್ ಮಾಡುತ್ತಾಳೆ. ಆಫೀಸಿನವರಿಗೆ ಗೊತ್ತಾದರೆ ಮನೆಗೆ ಬರುವ, ಕೇಳಿಸಿಕೊಂಡು ಟೈಪ್ ಮಾಡುವ ಕೆಲಸ ನಿಂತುಹೋಗುತ್ತದೆಂದು ನಿನಗೂ ಹೇಳಿರಲಿಲ್ಲ.

ನಿನ್ನೆ ಸಂಜೆ ಆ ನುಣುಪಿನ ಮೇಲೆ ಬೆರಳಾಡಿಸಿ ಹನಿಗಳನ್ನು ಹುಡುಕಿದಳು. "ಚೆನ್ನಾಗಿದೆ ಕಣೇ. ಆಸೆಯಿಂದ ತಂದಿದ್ದಾನೆ, ಅವನಿಗೆ ಏನೂ ಅನ್ನಬೇಡ" ಅಂದಳು.

ಅದಕ್ಕೇ ಬಾಯಲ್ಲಿ ಅನ್ನದೆ ಬರೆದಿಟ್ಟಿದ್ದೇನೆ.

ಅದನ್ನು ತಂದು ಅವಳ ಮೇಜಿನ ಮೇಲಿಡು. ಧೂಳು ಬೇಕಾದರೆ ಒರೆಸು, ಹನಿಗಳನ್ನು ಕೆರೆಯಬೇಡ. ಆ ಟಕಟಕ ಮತ್ತೆ ಕೇಳುವವರೆಗೆ ನನ್ನನ್ನು ಮಾತಾಡಿಸಬೇಡ.