ದೀಪು ಊರಿಗೆ ಬರುವುದಿಲ್ಲ

ಕಾಡುಗೋಡಿ,
೧೨ ಜನವರಿ ೨೦೨೫, ಭಾನುವಾರ

ಅವ್ವನ ಪಾದಕ್ಕೆ ಮಹಾದೇವಿಯ ಶರಣು.

ನಾವು ಮೂವರೂ ಚೆನ್ನಾಗಿದ್ದೇವೆ. ನೀನು, ಅಪ್ಪ, ತಮ್ಮ ಬಸಲಿಂಗ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಫೋನಿನಲ್ಲಿ ಕೇಳಿದ್ದಕ್ಕೆ ಇಷ್ಟು ದಿನ ‘ನೋಡೋಣ’ ಎಂದು ಜಾರಿಕೊಂಡೆ, ಸಿಟ್ಟಾಗಬೇಡ. ಬಸಲಿಂಗ ಫೋನನ್ನು ಸ್ಪೀಕರಿಗೆ ಹಾಕಿಬಿಡುತ್ತಾನೆ. ಇಂಥ ಮಾತನ್ನು ಓಣಿಗೆಲ್ಲ ಕೇಳುವಂತೆ ಹೇಗೆ ಆಡಲಿ? ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆ ಓದಿದವಳು ನೀನು, ನಿಧಾನವಾಗಿ ಕೂಡಿಸಿ ಓದು. ಯಾರ ಕೈಗೂ ಕೊಡಬೇಡ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲೇ ದುಡಿಯುವ ನಮ್ಮೂರ ಯಮನೂರನ ಹೆಂಡತಿ ಸಂಕ್ರಾಂತಿಗೆ ಊರಿಗೆ ಬರುವಾಗ ಅವಳ ಜೊತೆ ದೀಪುವನ್ನು ಕಳಿಸು, ಕೂಸು ಮೊಲೆ ಬಿಟ್ಟರೆ ನಿನಗೆ ಬೇಗ ಇನ್ನೊಂದು ನಿಲ್ಲುತ್ತದೆ ಎಂದೆಯಲ್ಲ, ದೀಪು ಬರುವುದಿಲ್ಲ. ಅವಳ ಬದಲು ಈ ಕಾಗದ ಬರುತ್ತಿದೆ. ಅವಳ ಹಾಲಿಗೆಂದು ಆಡು ತಂದು ಕಟ್ಟಿದ್ದೀಯಂತೆ. ಅದರ ಹಾಲಿನಲ್ಲಿ ಬಸಲಿಂಗ ಚಹಾ ಮಾಡಿಕೊಂಡು ಕುಡಿಯಲಿ.

ಇನ್ನೊಂದು ಮಗು ನನಗೂ ಬೇಕು ಅವ್ವ. ಮದುವೆಯಾಗಿ ಎಷ್ಟೋ ವರ್ಷಕ್ಕೆ ದೀಪು ಹುಟ್ಟಿದಳು, ಬರುವ ತಿಂಗಳು ಅವಳಿಗೆ ವರ್ಷ ತುಂಬುತ್ತದೆ. ನನಗಾಗಲೇ ಮೂವತ್ತಾರು. ತಡ ಮಾಡುವಂತಿಲ್ಲ, ಅದು ಗೊತ್ತು. ಆದರೆ ಒಂದು ಬೇಕೆಂದು ಇನ್ನೊಂದನ್ನು ದೂರ ಮಾಡುವವಳಲ್ಲ ನಾನು.

ಇಲ್ಲಿ ಎಲ್ಲರೂ ವೈದ್ಯರೇ. ಮನೆ ಓನರ್ ಲಕ್ಷ್ಮಮ್ಮನವರು ನೀರು ಬಿಡಲು ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, “ಇನ್ನೂ ಹಾಲು ಕೊಡ್ತಾ ಇದ್ದೀಯೇನಮ್ಮಿ? ಇಂಗಾದ್ರೆ ಬಸ್ರಾಗಾಕಿಲ್ಲ ಬುಡು. ಬೇವಿನ ಸೊಪ್ಪು ಅರೆದು ಹಚ್ಕೊ, ತಾನಾಗೇ ಬಿಡ್ತಾಳೆ” ಎನ್ನುತ್ತಿದ್ದರು. ಕೊನೆಗೆ ಬೇವನ್ನೂ ಅವರೇ ತಂದುಕೊಟ್ಟರು. ಒಲ್ಲೆ ಎನ್ನಲಾಗದೆ ಒಂದು ದಿನ ಹಚ್ಚಿಕೊಂಡೆ. ದೀಪು ಬಾಯಿಟ್ಟಳು, ಮುಖ ಕಿವಿಚಿದಳು, ಅಂಗೈಯಿಂದ ಒರೆಸಿದಳು, ಮತ್ತೆ ಬಾಯಿಟ್ಟಳು. ತುಟಿಯೆಲ್ಲ ಹಸಿರು! ನಕ್ಕೂ ನಕ್ಕೂ ನನ್ನ ಕಣ್ಣಲ್ಲಿ ನೀರು ಬಂತು. ಲಕ್ಷ್ಮಮ್ಮನವರು, “ಗಟ್ಟಿಗಿತ್ತಿ ಕಣಮ್ಮಿ ನಿನ್ ಮಗ್ಳು” ಎಂದು ಸೋತು ಹೊರಟುಹೋದರು.

ದೀಪಾವಳಿ ಕಳೆದ ಮೇಲೆ ಗಾರ್ಮೆಂಟ್ಸ್‌ಗೆ ಅರ್ಧ ದಿನ ರಜೆ ಹಾಕಿ ಡಾಕ್ಟರಮ್ಮನ ಹತ್ತಿರ ಹೋದೆ. ಫ್ಯಾಕ್ಟರಿಯಲ್ಲೇ ಮಕ್ಕಳ ಕೋಣೆ ಇದೆ, ಹೊಲಿಗೆ ನಡುವೆ ಎದ್ದುಹೋಗಿ ಹಾಲು ಕುಡಿಸಿ ಬರುತ್ತೇನೆ ಎಂದೆ. ಅವರು ಪರೀಕ್ಷೆ ಮಾಡಿ, “ಮುಟ್ಟು ಮತ್ತೆ ಶುರುವಾಗಿದೆಯಲ್ಲ, ಹಾಲು ಕುಡಿಸ್ತಾನೇ ಗರ್ಭ ನಿಲ್ಲಬಹುದಮ್ಮ. ಮಗು ಊಟಾನೂ ಮಾಡ್ತಿದೆ, ರಾತ್ರಿ ಹಾಲು ಸ್ವಲ್ಪ ಕಡಿಮೆ ಮಾಡು. ನಿಂಗೆ ರಕ್ತ ಕಡಿಮೆ ಇದೆ, ಮೊದ್ಲು ಅದು ಸರಿಹೋಗ್ಲಿ” ಎಂದು ಮಾತ್ರೆ ಬರೆದುಕೊಟ್ಟರು. ನಾನು ಒಂದೇ ಪ್ರಶ್ನೆ ಕೇಳಿದೆ. ಬಸುರಾದರೆ ಈ ಹಾಲು ಕೆಡುತ್ತದೆಯೇ? “ಯಾರಮ್ಮ ಹೇಳಿದ್ದು? ಕಡಿಮೆ ಆಗಬಹುದು, ರುಚಿ ಬದಲಾಗಬಹುದು. ಕೆಡೋದಿಲ್ಲ” ಎಂದರು. ನನಗೆ ಅಷ್ಟೇ ಬೇಕಾಗಿತ್ತು.

ಈಗ ರಕ್ತ ಸರಿಯಾಗಿದೆ. ರಾತ್ರಿ ದೀಪು ಎದ್ದರೆ ನಿನ್ನ ಅಳಿಯನೇ ಎತ್ತಿಕೊಂಡು ತಿರುಗಾಡುತ್ತಾರೆ. ಹೋದ ತಿಂಗಳು ಗರ್ಭ ನಿಲ್ಲಲೆಂದು ಡಾಕ್ಟರಮ್ಮ ಗುರುತು ಹಾಕಿಕೊಟ್ಟ ದಿನಗಳಲ್ಲೇ ಇವರನ್ನು ಮೇಸ್ತ್ರಿ ಅತ್ತಿಬೆಲೆಗೆ ಟೈಲ್ಸ್ ಹಾಕಲು ಕಳಿಸಿಬಿಟ್ಟ. ಕೊನೆಯ ಬಸ್ಸಿಗೆ ಬಂದು, ಸಿಮೆಂಟು ಮೆತ್ತಿದ ಕಾಲಲ್ಲೇ ಗೊರಕೆ ಹೊಡೆದರು. ನಗಬೇಡ. ನಾನು ಮುಖ ಊದಿಸಿಕೊಂಡರೆ, “ಯಾಕ ಚಿಂತಿ ಮಾಡ್ತಿ? ಇನ್ನೊಂದು ಆದ್ರ ಎತ್ಕೊಳ್ಳಾಕ ಎರಡು ಕೈ ಅದಾವ. ಆಗ್ಲಿಲ್ಲಂದ್ರ ದೀಪು ಅದಾಳ” ಎಂದರು. ಆ ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಈ ತಿಂಗಳೂ ಆಗಲಿಲ್ಲ ಅವ್ವ. ಆಗುತ್ತದೆ, ನನಗೆ ಧೈರ್ಯವಿದೆ.

ಯಮನೂರನ ಹೆಂಡತಿ ವಾಪಸು ಬರುವಾಗ ಅವಳ ಕೈಯಲ್ಲಿ ಎಳ್ಳು ಹೋಳಿಗೆ ಕಳಿಸು. ಅಪ್ಪನಿಗೆ ಶರಣು ಹೇಳು. ನಮ್ಮ ಮೂವರನ್ನೂ, ಬರಲಿರುವ ಜೀವವನ್ನೂ ಬಾಯ್ತುಂಬ ಹರಸು.

ನಿನ್ನ ಮಗಳು,
ಮಹಾದೇವಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಬಸಲಿಂಗ ನಿನ್ನ ಹೊಟ್ಟೆಯಲ್ಲಿದ್ದಾಗ ನನ್ನನ್ನು ಅಜ್ಜಿಯ ಊರಿಗೆ ಬಿಟ್ಟೆಯಲ್ಲ. ಬಸುರಿಯ ಹಾಲು ಕೂಸಿಗೆ ವಿಷ ಎಂದು ಎಲ್ಲರೂ ಹೇಳಿದರು, ನೀನು ನಂಬಿದೆ. ನಿನ್ನನ್ನು ದೂರುವುದಿಲ್ಲ. ಅಲ್ಲಿ ನಾನು ಅವ್ವ ಎಲ್ಲಿ ಎಂದು ಕೇಳಿದಾಗಲೆಲ್ಲ ಅಜ್ಜಿ, “ನಿಮ್ಮವ್ವನ ಹಾಲು ಕಹಿ ಆಗೇತಿ, ಸಿಹಿ ಆದಮ್ಯಾಲ ನಿನ್ನ ಒಯ್ತಾಳ” ಎನ್ನುತ್ತಿದ್ದಳು. ನನ್ನನ್ನು ಶಾಲೆಗೆ ಹಾಕುವ ಹೊತ್ತಿಗೆ ನೀನು ಬಂದೆ. ನಾನು ಅಜ್ಜಿಯ ಬೆನ್ನ ಹಿಂದೆ ಅಡಗಿ, ನಿನ್ನನ್ನೇ ತೋರಿಸಿ, “ಇಕಿ ಯಾರ?” ಎಂದಿದ್ದೆ. ನೀನು ಹೊಸ್ತಿಲ ಮೇಲೇ ಕೂತು ಅತ್ತದ್ದು ನನಗೆ ನೆನಪಿದೆ. ನಿನಗೂ ಇರಬೇಕು. ದೀಪು ನನ್ನನ್ನು ತೋರಿಸಿ ಹಾಗೆ ಕೇಳಬಾರದು ಅವ್ವ. ಇನ್ನೊಂದು ನಿಂತ ದಿನ ಫೋನ್ ಮಾಡುತ್ತೇನೆ, ನೀನೇ ಇಲ್ಲಿಗೆ ಬಾ. ಕೋಣೆ ಚಿಕ್ಕದು, ನಾನು ನಿನ್ನ ಮಗ್ಗುಲಲ್ಲೇ ಮಲಗಬೇಕಾಗುತ್ತದೆ.