ಫ್ಯಾನ್ ತಿರುಗದಿದ್ದರೂ ವಾಪಸ್ ಕೊಡಬೇಡಿ

ಬಳ್ಳಾರಿ
ವೈಶಾಖದ ಐವತ್ತೊಂದನೆಯ ದಿನ, ಇಸವಿ ೨೧೪೧

ಮುತ್ತಜ್ಜಿ ಹುಲಿಗೆಮ್ಮನವರ ಪಾದಗಳಿಗೆ ಮರಿಮಗಳು ಕೊಟ್ರಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲಕ್ಕೆ ಬೇಸಿಗೆ ಎಷ್ಟು ಉದ್ದವಾಗಿದೆಯೆಂದರೆ, ಪಂಚಾಂಗದವರು ಸೋತು ವೈಶಾಖಕ್ಕೇ ಇನ್ನೊಂದು ತಿಂಗಳನ್ನು ಹೊಲಿದುಬಿಟ್ಟಿದ್ದಾರೆ. ಮಾತಿನ ನಡುವೆ ನಿಮಗೆ ತಿಳಿಯದ ಪದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮಗೀಗ ಮೂವತ್ತನಾಲ್ಕು, ನನಗೆ ಐವತ್ತು ದಾಟಿದೆ. ನನ್ನ ಅಜ್ಜಿ, ಅಂದರೆ ನಿಮ್ಮ ಮಗಳು, ಇನ್ನೂ ಹುಟ್ಟಿಲ್ಲ. ಅವಳು ಹುಟ್ಟಬೇಕೆಂದರೆ ನಿಮ್ಮ ಯಜಮಾನರಾದ ಎರ್ರಿಸ್ವಾಮಿಯವರು ಈ ವರ್ಷ ಬದುಕಿ ಉಳಿಯಬೇಕು. ಅವರು ಉಳಿಯುವುದು ನಾಳೆ ನೀವು ಗೇಮಿಂಗ್ ಕಂಪ್ಯೂಟರಿಗೆ ಆರಿಸಲಿರುವ ಬಿಡಿಭಾಗಗಳ ಮೇಲೆ ನಿಂತಿದೆ. ನಗಬೇಡಿ, ನಿಮ್ಮಾಣೆಗೂ ನಿಜ.

ಬೇರೆಯವರ ಮನೆಗಳಲ್ಲಿ ಮಕ್ಕಳಿಗೆ ತುತ್ತು ತಿನ್ನಿಸುತ್ತ ರಾಜರಾಣಿಯರ ಕಥೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಗ್ರಾಫಿಕ್ಸ್ ಕಾರ್ಡಿನ ಕಥೆ. ಹಾಗಾಗಿ ನಿಮ್ಮ ಇವತ್ತಿನ ಪಾಡು ನನಗೆ ಕಣ್ಣಿಗೆ ಕಟ್ಟಿದಂತಿದೆ. ಬೆಳಗಿನ ಪಾಳಿಯಲ್ಲಿ ಜೀನ್ಸ್ ಯೂನಿಟ್ಟಿನ ಹೊಲಿಗೆ ಮಷೀನುಗಳ ಗಲಾಟೆಯ ನಡುವೆ ಕುಳಿತು ಕಿವಿ ತೂತಾಗಿಸಿಕೊಂಡು ಮಧ್ಯಾಹ್ನ ಮನೆಗೆ ಬರುತ್ತೀರಿ. ಯಜಮಾನರು ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿಯೆಲ್ಲ ಕ್ರೇನ್ ನಡೆಸಿ ಬಂದು ಹಗಲು ಮಲಗಿರುತ್ತಾರೆ. ಮನೆಯೆಂದರೆ ಒಂದೇ ಕೋಣೆ, ಅದರಾಚೆ ಅಡುಗೆಯ ಮೂಲೆ. ಅದೇ ಕೋಣೆಯಲ್ಲಿ ಕುಳಿತು, ಬಳ್ಳಾರಿಯ ಬಿಸಿಲಿನಲ್ಲಿ, ಹಿಮದ ರಸ್ತೆಯ ಮೇಲೆ ಕಾರು ಓಡಿಸುವ ಆಸೆ ನಿಮ್ಮದು! ಪಕ್ಕದ ಮನೆಯವರು “ಈ ವಯಸ್ಸಿಗೆ ಆಟ ಏನವ್ವಾ ಹುಲಿಗೆವ್ವಾ?” ಎಂದು ಕಿಚಾಯಿಸಿದಾಗ ನೀವು “ನಿಮಗ ಧಾರಾವಾಹಿ, ನನಗ ಕಾರು” ಎಂದಿರಂತೆ. ಆ ಮಾತು ಇಂದಿಗೂ ನಮ್ಮ ಮನೆಯಲ್ಲಿ ಗಾದೆಯಾಗಿ ಉಳಿದಿದೆ.

ನಾಳೆ ಕಂಪ್ಯೂಟರ್ ಅಂಗಡಿಯ ಬಾಷಾ ಅವರು ನಿಮ್ಮ ಮುಂದೆ ಬಣ್ಣಬಣ್ಣದ ದೀಪದ ಪೆಟ್ಟಿಗೆಗಳನ್ನು ಸಾಲಾಗಿ ಇಡುತ್ತಾರೆ. ಮರುಳಾಗಬೇಡಿ. “ಅಣ್ಣಾ, ಸದ್ದು ಬರಬಾರ್ದು, ನಮ್ಮನೆಯವ್ರು ಮಲಗಿರ್ತಾರ” ಎಂದು ಹೇಳಲಿದ್ದೀರಲ್ಲ, ಆ ಒಂದು ಹಟವನ್ನು ಬಿಡಬೇಡಿ. ಜೋಳದ ಹಿಟ್ಟಿನ ಡಬ್ಬಿಯ ಪಕ್ಕ ಕೂರುವಷ್ಟು ಚಿಕ್ಕ ಕ್ಯಾಬಿನೆಟ್ ನಿಮಗೆ ಬೇಕು. ಆದರೆ ಚಿಕ್ಕ ಪೆಟ್ಟಿಗೆಯೆಂದರೆ ಇಕ್ಕಟ್ಟಿನ ಅಡುಗೆಮನೆ ಇದ್ದಂತೆ, ಶಾಖಕ್ಕೆ ದಾರಿ ಬಿಡದಿದ್ದರೆ ಒಳಗಿನವರು ಬೇಯುತ್ತಾರೆ. ಅದಕ್ಕೇ ನಮ್ಮ ಮನೆಯ ಕಥೆಯಲ್ಲಿ ನೀವು ಚಿಕ್ಕ ಫ್ಯಾನುಗಳನ್ನು ಬಿಟ್ಟು ನಿಧಾನಕ್ಕೆ ತಿರುಗುವ ಒಂದು ದೊಡ್ಡ ಫ್ಯಾನನ್ನೇ ಹಿಡಿದಿರಿ. ಚಿಕ್ಕದು ಅಷ್ಟೇ ಗಾಳಿಗೆ ಜೋರಾಗಿ ತಿರುಗಿ ಕಿರುಚುತ್ತದೆ. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನಲ್ಲೂ ಕರೆಂಟು ಕುಡಿಯುವ ದೈತ್ಯನನ್ನು ಬಿಟ್ಟು ಮಿತವಾದುದನ್ನು ಆರಿಸಿದಿರಿ. ಪವರ್ ಸಪ್ಲೈ ಮಾತ್ರ ಬೇಕಾದದ್ದಕ್ಕಿಂತ ಒಂದು ಕೈ ಹೆಚ್ಚಿನದು, ಏದುಸಿರು ಬಿಡದೆ ಕೆಲಸ ಮಾಡಲೆಂದು. ಗರಗರ ಎನ್ನುವ ಹಾರ್ಡ್ ಡಿಸ್ಕ್ ಬೇಡವೇ ಬೇಡ ಎಂದಿರಿ. ಊರಿನ ಕೆಂಪು ದೂಳಿಗೆ ಮುಂದೆ ಸಣ್ಣ ಜಾಲರಿ, ಹಿಂದೆ ಗೋಡೆಗೂ ಪೆಟ್ಟಿಗೆಗೂ ನಡುವೆ ಗೇಣು ಜಾಗ. ಯಾರು ಕಲಿಸಿದರು ನಿಮಗೆ ಇದನ್ನೆಲ್ಲ? ನೆನೆದರೆ ಕೈ ಮುಗಿಯುವ ಹಾಗಾಗುತ್ತದೆ.

ನಮಗೆ ಈ ಆರಿಸುವ ಸುಖವೇ ಗೊತ್ತಿಲ್ಲ. ನಮ್ಮ ಮನೆಗಳಲ್ಲಿ ‘ತಣಿಗೋಡೆ’ ಇರುತ್ತದೆ. ಲೆಕ್ಕ, ಪಾಠ, ಆಟ ಎಲ್ಲವನ್ನೂ ಅದೇ ಮಾಡಿ, ಮನೆಯನ್ನೂ ತಂಪಾಗಿಡುತ್ತದೆ. ಕಟ್ಟಿದವರು ಕೊಟ್ಟದ್ದು, ನಾವು ಒಂದು ಸ್ಕ್ರೂ ಮುಟ್ಟುವಂತಿಲ್ಲ. ಬಿಸಿಲಿಗೆ ಹೆದರಿ ಊರಿಗೆ ಊರೇ ಹಗಲು ಮಲಗಿ ಇರುಳು ದುಡಿಯುತ್ತದೆ. ಇದಕ್ಕೆ ‘ತಿರುಹಗಲು’ ಎನ್ನುತ್ತೇವೆ. ಎರ್ರಿಸ್ವಾಮಿಯವರು ಒಬ್ಬರೇ ಮಾಡುತ್ತಿದ್ದುದನ್ನು ಈಗ ಎಲ್ಲರೂ ಮಾಡುತ್ತೇವೆ, ಅಷ್ಟೇ. ನಿದ್ದೆಯ ಹೊತ್ತಿನಲ್ಲಿ ಪ್ರತಿ ಮನೆಗೂ ಇಷ್ಟೇ ಸದ್ದು ಎಂದು ‘ಸದ್ದುಪಾಲು’ ಹಂಚಿರುತ್ತಾರೆ. ಒಗ್ಗರಣೆಯ ಸಿಡಿತವೂ ಪಾಲಿನೊಳಗೇ ಮುಗಿಯಬೇಕು. ಮೊನ್ನೆ ನನ್ನ ಕೈಯಿಂದ ಹಿತ್ತಾಳೆಯ ಕೊಡ ಜಾರಿ ಬಿದ್ದು ಪಾಲೆಲ್ಲ ಖರ್ಚಾಗಿ, ನಾಲ್ಕು ದಿನ ಒಗ್ಗರಣೆಯಿಲ್ಲದ ಸಪ್ಪೆ ಅನ್ನ ತಿಂದೆವು. ಮನೆಯವರ ಮುಖ ನೋಡುವ ಹಾಗಿರಲಿಲ್ಲ, ಬಿಡಿ. ನಮ್ಮದು ಕಾನೂನಿಗೆ ಹೆದರಿದ ಮೌನ. ನಿಮ್ಮದು ಪ್ರೀತಿಯಿಂದ ಹುಡುಕಿ ತಂದ ಮೌನ, ಅದರ ಮುಂದೆ ಇದು ಏನೂ ಅಲ್ಲ.

ಈಗ ಮುಖ್ಯ ವಿಷಯ. ನಾಡಿದ್ದು ಎಲ್ಲವನ್ನೂ ಜೋಡಿಸಿ ಸ್ವಿಚ್ ಹಾಕುತ್ತೀರಿ. ಪರದೆ ಬೆಳಗುತ್ತದೆ, ಆದರೆ ಸದ್ದೇ ಬರುವುದಿಲ್ಲ. ಇಣುಕಿ ನೋಡಿದರೆ ಕಾರ್ಡಿನ ಫ್ಯಾನ್ ಅಲ್ಲಾಡದೆ ನಿಂತಿರುತ್ತದೆ. ಜೀನ್ಸ್ ಯೂನಿಟ್ಟಿನಲ್ಲಿ ಸದ್ದು ಮಾಡದ ಮಷೀನೆಂದರೆ ಸತ್ತ ಮಷೀನು. ನಿಮ್ಮ ಕಿವಿಗೆ ಗೊತ್ತಿರುವ ನ್ಯಾಯ ಅದೇ. “ಥೂ ಇದರ, ಫ್ಯಾನೇ ತಿರುಗವಲ್ದು, ಕೆಟ್ಟದ್ದು ಕೊಟ್ಟಾನ!” ಎಂದು ಕಾರ್ಡನ್ನು ಬಿಚ್ಚಿ, ವಾಪಸ್ ಕೊಟ್ಟು, ಭರ್ರನೆ ತಿರುಗುವ ಬೇರೊಂದನ್ನು ತರಲು ಚಪ್ಪಲಿ ಮೆಟ್ಟುತ್ತೀರಿ. ಕಥೆಯಲ್ಲಿ ಬಾಷಾ ಅವರು ಅಂಗಡಿಯ ಬಾಗಿಲಲ್ಲೇ ತಡೆದು, “ಅಕ್ಕಾ, ಬಿಸಿ ಆಗೋತನಕ ಅದು ತಿರುಗಂಗಿಲ್ಲ, ಅದರ ಗುಣಾನೇ ಅದು” ಎಂದು ಬುದ್ಧಿ ಹೇಳಿ ಕಳಿಸುತ್ತಾರೆ. ನಡೆದದ್ದು ನಡೆದೇ ನಡೆಯುತ್ತದೆ ಎನ್ನುತ್ತಾರೆ ನಮ್ಮ ಪಂಡಿತರು. ಆದರೆ ಬಾಷಾ ಅವರು ಆ ಹೊತ್ತಿಗೆ ಊಟಕ್ಕೆ ಹೋಗಿದ್ದರೆ? ಹಾಳು ಮನಸ್ಸು ಕೇಳಬೇಕಲ್ಲ. ಅದಕ್ಕೇ ಈ ಪತ್ರ.

ಭರ್ರೆನ್ನುವ ಕಾರ್ಡು ಮನೆಗೆ ಬಂದರೆ ನೀವು ಎರಡೂ ಕಿವಿ ಮುಚ್ಚಿಕೊಂಡು ಆಡುತ್ತೀರಿ. ಸದ್ದಿಲ್ಲದ ಈ ಪೆಟ್ಟಿಗೆಯಾದರೆ ಇಯರ್‌ಫೋನ್ ಒಂದೇ ಕಿವಿಗೆ ಸಾಕು. ಇನ್ನೊಂದು ಕಿವಿ ನಲ್ಲಿಯ ಕಡೆಗೆ, ನೀರು ಯಾವ ಹೊತ್ತಿಗೆ ಬರುತ್ತದೋ ಏನೋ ಎಂದು. ಆ ಕಿವಿಗೇ ಒಂದು ಮಧ್ಯಾಹ್ನ ಯಜಮಾನರ ಗೊರಕೆ ತಟ್ಟನೆ ನಿಂತದ್ದು ತಿಳಿಯುತ್ತದೆ. ಗೊರಕೆ ನಿಂತಿತು, ಪಾಪ, ಈಗ ನೆಮ್ಮದಿಯಾಗಿ ಮಲಗಿದರು ಎಂದುಕೊಳ್ಳಬೇಡಿ. ನಿಂತದ್ದು ಉಸಿರು. ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆ ಅದು, ಎಷ್ಟೋ ದಿನದಿಂದ ಇದ್ದದ್ದು, ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಡಾಕ್ಟರು ಕೊಟ್ಟ, ಮೂಗಿಗೆ ಗಾಳಿ ಊದುವ ಮುಖವಾಡ ಕಟ್ಟಿಕೊಂಡು ಮಲಗುತ್ತ ಅವರು ಮುಪ್ಪಿನವರೆಗೂ ಬಾಳಿದರು, ಮಗಳನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ತಿರುಗಿಸಿದರು.

ಮುತ್ತಜ್ಜೀ, ನಿಮ್ಮ ಋಣ ತೀರಿಸಲು ನನ್ನಿಂದಾಗದು. ಒಂದೇ ಒಂದು ಬೇಡಿಕೆ. ಅವರ ನಿದ್ದೆ ಕೆಡಬಾರದೆಂದೇ ಅಷ್ಟು ಹುಡುಕಿ ಆರಿಸಿದ್ದೀರಿ, ನಿಜ. ಆದರೂ ಆ ಮಧ್ಯಾಹ್ನ ಕಾರನ್ನು ಹಿಮದಲ್ಲೇ ಬಿಟ್ಟು ಏಳಿ. ಓಡಿ ಹೋಗಿ ರಟ್ಟೆ ಹಿಡಿದು ಅಲುಗಿಸಿ, ಆ ನಿದ್ದೆ ಕೆಡಿಸಿ. ಎದ್ದು ಬೈಯುತ್ತಾರೆ. ಬೈಯಲಿ. ಬೈಯುವುದಕ್ಕಾದರೂ ಉಸಿರು ಬೇಕಲ್ಲ.

ನಿಮ್ಮ ಮರಿಮಗಳು,
ಕೊಟ್ರಮ್ಮ